ಕುಡಿದ ಎಂಜಿನ್ನು

ಜೀವಮಾನದಲ್ಲಿ ಹೆಂಡದ ವಾಸನೆಯನ್ನೂ ಸಹಿಸದ ಗಂಗೊಳ್ಳಿಯ ನನ್ನ ಮಿತ್ರರೊಬ್ಬರು, ಮಳೆಗಾಲವಿಡೀ ಮಡಲಿನ ಚಪ್ಪರದಡಿಯಲ್ಲಿ ಮಲಗಿಸಿದ್ದ ತಮ್ಮ ದೋಣಿಯನ್ನು ಹೊಳೆಗಿಳಿಸಿ, ಹಗ್ಗವನ್ನು ಹತ್ತಾರು ಬಾರಿ ಜಗ್ಗಿದರೂ, ಔಟ್‌ಬೋರ್ಡ್ ಎಂಜಿನ್ನು ಬೆಳಗಿನ ಜಾವದ ಕುಡುಕನಂತೆ ಒಮ್ಮೆ ಗೊಣಗಿ ಪುನಃ ಸುಷುಪ್ತಿಗೆ ಜಾರಿತು. “ಇದು ಕುಡಿದಿದೆ ಮಾರಾಯ್ರೆ!” ಎಂದ ಮೆಕ್ಯಾನಿಕ್ಕನು ಟ್ಯಾಂಕಿನ ತಳದ ದ್ರವವನ್ನು ಗಾಜಿನ ಬಾಟಲಿಗೆ ಸುರಿಯಲು, ಮೇಲೆ ಪೆಟ್ರೋಲು, ಕೆಳಗೆ ಮಬ್ಬು ನೀರು!

ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲೆಂಬ ಮದ್ಯಸಾರವುಂಟಷ್ಟೆ; ಬೆಲ್ಲವಾಗಬೇಕಿದ್ದ ಕಬ್ಬು ಹೀಗೆ ಕಡಲಿಗಿಳಿಯಿತು. ಈ ಮದ್ಯಸಾರವು ತೇವವನ್ನು ಹೀರುತ್ತ ಹೀರುತ್ತ, ಹೊಟ್ಟೆ ತುಂಬಿದೊಡನೆ ಪೆಟ್ರೋಲಿನ ಸಹವಾಸವನ್ನು ತ್ಯಜಿಸಿ, ನೀರಿನ ಕೈಹಿಡಿದು ತಳ ಸೇರುತ್ತದೆ. ಎಂಜಿನ್ನು ಹೀರುವುದೂ ತಳದಿಂದಲೇ. ಟೂ-ಸ್ಟ್ರೋಕಾದರೆ ಬೆರೆಸಿದ ಎಣ್ಣೆ ಮೇಲೆಯೇ ಉಳಿದು ಪಿಸ್ಟನ್ನಿಗೆ ಉಪವಾಸ. ಬಹುತೇಕ ಔಟ್‌ಬೋರ್ಡುಗಳ ಕೈಪಿಡಿ ಸಮ್ಮತಿಸುವುದು ಶೇಕಡಾ 10ನ್ನು ಮಾತ್ರ.

ಈಗ ಮಿತ್ರರು ಕೈಪಿಡಿ ಓದಿ, ನೀರು ಬೇರ್ಪಡಿಸುವ ಫಿಲ್ಟರು ಹಾಕಿಸಿ, ವಾರಕ್ಕೆ ಬೇಕಾದಷ್ಟೇ ಪೆಟ್ರೋಲು ತಂದು, ದೋಣಿಯನ್ನು ಮಲಗಿಸುವ ಮುನ್ನ ಟ್ಯಾಂಕನ್ನೂ ಕಾರ್ಬುರೇಟರನ್ನೂ ಬರಿದುಮಾಡುತ್ತಾರೆ. ಆ ಬಾಟಲಿ ಮಾತ್ರ ಸಾಕ್ಷಿಯಾಗಿ ಇನ್ನೂ ಅವರ ಜಗಲಿಯಲ್ಲಿದೆ. ಹೋದವರು ದಯವಿಟ್ಟು ಅಲ್ಲಿ ಬೀಡಿ ಹಚ್ಚಬೇಡಿ.