ಗುಂಡು ತೆಗೆಯಿರಿ, ಪ್ಲಗ್ ಕೀಳಿರಿ

ಅಮೆರಿಕದಲ್ಲಿ ಮನೆಯ ನೆಲಮಾಳಿಗೆಯಲ್ಲಿ, ಇಳಿಜಾರು ಹಲಗೆಯ ಮೇಲೆ ಉಕ್ಕಿನ ಗುಂಡು ಉರುಳಿಸಿ ಆಡುವ ಹಳೆಯ ಪಿನ್‌ಬಾಲ್ ಯಂತ್ರ ಇಟ್ಟುಕೊಂಡವರನ್ನು ಮಾತಾಡಿಸಿ ನೋಡಿ. ಆಟದ ಮಾತು ಎರಡು ನಿಮಿಷ, ರಿಪೇರಿಯ ಮಾತು ಎರಡು ಗಂಟೆ. ನೂರು ಕಿಲೋ ದಾಟುವ ಪೆಟ್ಟಿಗೆಯನ್ನು ಮತ್ತೆ ಮೆಟ್ಟಿಲು ಹತ್ತಿಸುವ ತಾಕತ್ತು ಯಾರಿಗಿದೆ? ಹಾಗಾಗಿ ಮಾಲೀಕನೇ ಮೆಕ್ಯಾನಿಕ್.

ರಿಪೇರಿಗೆ ಕೈಹಾಕುವ ಮುನ್ನ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಇಲ್ಲದಿದ್ದರೆ ಒಳಗಿನ ಕೆಲವು ತಂತಿಗಳಲ್ಲಿ ಗೋಡೆಯ 120 ವೋಲ್ಟ್ ಹೊಂಚು ಹಾಕಿ ಕೂತಿರುತ್ತದೆ. ಪ್ಲಗ್ ಕಿತ್ತ ಮೇಲೂ, ನಿವೃತ್ತರಾದರೂ ದರ್ಪ ಬಿಡದ ಹೆಡ್‌ಮಾಸ್ತರರ ಹಾಗೆ, ವಿದ್ಯುತ್ ಹಿಡಿದಿಟ್ಟುಕೊಂಡ ಕೆಪಾಸಿಟರ್‌ಗಳು ಒಂದಷ್ಟು ಹೊತ್ತು ಬಿಸಿ ಮುಟ್ಟಿಸಬಲ್ಲವು. ಆಟದ ಹಲಗೆ ಎತ್ತುವ ಮುನ್ನ ಗುಂಡು ತೆಗೆಯಿರಿ. 80 ಗ್ರಾಂ ಉಕ್ಕು ಉರುಳಿದರೆ ಗಾಜು, ಬಲ್ಬು ಎಂದು ಭೇದ ಮಾಡುವುದಿಲ್ಲ.

ಇನ್ನು ಫ್ಯೂಸು. ಅದು ಪದೇ ಪದೇ ಹೋಗುತ್ತದೆಂದು ದಪ್ಪ ಫ್ಯೂಸು ಹಾಕುವ ಜಾಣರಿದ್ದಾರೆ. ಆಮೇಲೆ ಫ್ಯೂಸು ಹೋಗುವುದಿಲ್ಲ, ನಿಜ. ಅದರ ಬದಲು ಒಳಗಿನ ತಂತಿಸುರುಳಿ, ಅಂದರೆ ಕಾಯಿಲ್ಲೇ ಸುಟ್ಟು ಹೊಗೆಯಾಡುತ್ತದೆ. ಗುಂಡಿಗೆ ಹೊಡೆಯುವ ಫ್ಲಿಪ್ಪರ್ ಪೂರ್ತಿ ಎದ್ದಾಗ ಅದರ ಕಾಯಿಲ್‌ಗೆ ಹೋಗುವ ಜೋರು ಕರೆಂಟು ಕಡಿಯುವ ಪುಟ್ಟ ಸ್ವಿಚ್ಚೊಂದಿದೆ. ಫ್ಯೂಸು ಹೊಡೆಯುವ ಕಳ್ಳ ಅನೇಕ ಸಲ ಅದೇ. ಅದನ್ನು ಸರಿಮಾಡದೆ ಕಾಯಿಲ್ ಬದಲಿಸಿದರೆ ಅಂಗಡಿಯವನಿಗಷ್ಟೇ ಲಾಭ.

ಒಂದು ಕಾಲದಲ್ಲಿ ಈ ಯಂತ್ರಗಳಿಗೆ ಬೇರೆಯೇ ಬಗೆಯ ಏಟು ಬಿದ್ದಿತ್ತು: ನ್ಯೂಯಾರ್ಕಿನಲ್ಲಿ 1942ರಲ್ಲಿ ಪಿನ್‌ಬಾಲನ್ನು ಜೂಜೆಂದು ನಿಷೇಧಿಸಿ, ಪೊಲೀಸರು ಸುತ್ತಿಗೆಯಿಂದ ಯಂತ್ರಗಳನ್ನು ಪುಡಿಗಟ್ಟಿದರು. ನಿಷೇಧ ತೆಗೆದದ್ದು 1976ರಲ್ಲಿ. ಈಗ ಕೆಲವು ಮಾಲೀಕರ ಹೆಂಡತಿಯರಿಗೆ ಆ ಸುತ್ತಿಗೆ ಬೇಕೆನಿಸಿದರೆ ಆಶ್ಚರ್ಯವಿಲ್ಲ: ಯಂತ್ರ ರಿಪೇರಿಯಾದ ದಿನವೇ ಯಜಮಾನರು ಕೆಟ್ಟುಹೋದ ಇನ್ನೊಂದನ್ನು ಹುಡುಕಲು ಹೊರಟಿರುತ್ತಾರೆ.