ಕಟ್ಟಾ ಅಭಿಮಾನಿಗಳು

ಬಾಗಲಕೋಟೆಯ ನವನಗರದಲ್ಲಿ ತಲೆಯೆತ್ತಿದರೆ ಸಾಕು, ಫ್ಲೆಕ್ಸ್. ನಾಯಕರ ಹುಟ್ಟುಹಬ್ಬಕ್ಕೆ ಶುಭ ಕೋರುವವರು ಬರೀ ಬೆಂಬಲಿಗರಾದರೆ ಸಾಲದು; ಕಟ್ಟಾ ಬೆಂಬಲಿಗ, ನಿಷ್ಠಾವಂತ ಕಾರ್ಯಕರ್ತ, ಅಪ್ಪಟ ಅಭಿಮಾನಿ ಎಂದೇ ಆಗಬೇಕು. ಈಚೆಗೆ ಹುಡುಗರ ಬೈಕಿನ ಹಿಂದೆ ಇಂಗ್ಲಿಷೂ ಏರಿ ಕೂತಿದೆ: ಡೈ ಹಾರ್ಡ್ ಫ್ಯಾನ್, ಸ್ಟಾಂಚ್ ಸಪೋರ್ಟರ್.

ಈ ಪದಜೋಡಿಗಳು ಇಳಕಲ್ ಸೀರೆಯ ಮೈಗೂ ಸೆರಗಿಗೂ ಹಾಕಿದ ಕೊಂಡಿಯ ಹಾಗೆ. ಎಳೆಗೆ ಎಳೆ ಸಿಕ್ಕಿಸಿದ್ದಾಗಿದೆ; ಇದರ ಸೆರಗು ಅದಕ್ಕೆ ಹಚ್ಚಿಕೊಡು ಎಂದರೆ ನೇಕಾರ ನಕ್ಕಾನು. ಕಟ್ಟಾ ಅಭಿಮಾನಿ ಇದ್ದಾನೆ, ಕಟ್ಟಾ ವಿರೋಧಿಯೂ ಇದ್ದಾನೆ, ಕಟ್ಟಾ ಅಳಿಯ ಮಾತ್ರ ಯಾವ ಮನೆಯಲ್ಲೂ ಇಲ್ಲ. ಇಂಗ್ಲಿಷಿನವರದೂ ಇದೇ ಹಟ. ಸಪೋರ್ಟರ್ ಸ್ಟಾಂಚ್ ಆಗುತ್ತಾನೆ. ಕುರ್ಚಿ ಎಷ್ಟೇ ಗಟ್ಟಿಯಿದ್ದರೂ ಆಗುವುದಿಲ್ಲ.

ಡೈ ಹಾರ್ಡ್‌ಗಂತೂ ರಕ್ತದ ಚರಿತ್ರೆಯೇ ಇದೆ. 1811ರಲ್ಲಿ ಸ್ಪೇನಿನ ಆಲ್ಬುವೆರಾ ಕಾಳಗದಲ್ಲಿ ಗಾಯಗೊಂಡು ಬಿದ್ದ ಕರ್ನಲ್ ಇಂಗ್ಲಿಸ್, ಸುಲಭಕ್ಕೆ ಸಾಯಬೇಡಿ ಎಂದು ತನ್ನ 57ನೇ ರೆಜಿಮೆಂಟಿಗೆ ಕೂಗಿ ಹೇಳಿದನಂತೆ. ದಳದ ಬಹುಪಾಲು ಮಂದಿ ಸತ್ತೋ ಗಾಯಗೊಂಡೋ ಬಿದ್ದರು. ಉಳಿದವರಿಗೆ ಆ ಹೆಸರು ಉಳಿಯಿತು. ನಮ್ಮ ಡೈ ಹಾರ್ಡ್‌ಗಳು ಟಿಕೆಟ್ ತಪ್ಪಿದ ಸಂಜೆ ಪಕ್ಷ ಬಿಟ್ಟು, ಮುಂಜಾನೆ ಇನ್ನೊಬ್ಬರಿಗಾಗಿ ಸಾಯಲು ತಯಾರಾಗುತ್ತಾರೆ. ಆರೋಗ್ಯದ ದೃಷ್ಟಿಯಿಂದ ಇದೇ ಮೇಲು.

ಹುನಗುಂದದ ಚಹಾದಂಗಡಿಯಲ್ಲಿ ಇಷ್ಟೆಲ್ಲ ಬೇಕಿಲ್ಲ. "ಅಂವಾ ಸಾಹೇಬ್ರ ಖಾಸಾ ಮನಷ್ಯಾರೀ" ಎಂದರೆ ಬೆಂಚಿನಲ್ಲಿ ಜಾಗ ತಾನಾಗಿ ಬಿಡುತ್ತದೆ. 2018ರಲ್ಲಿ ಸಿದ್ದರಾಮಯ್ಯನವರು ಬಾದಾಮಿಯಲ್ಲಿ ಶ್ರೀರಾಮುಲು ಅವರೆದುರು ಗೆದ್ದದ್ದು 1,696 ಮತಗಳಿಂದ. ಆಮೇಲೆ ಊರಲ್ಲಿ ಎಣಿಸಿದ್ದರೆ ಖಾಸಾ ಮನುಷ್ಯರೇ ಅದಕ್ಕಿಂತ ಹೆಚ್ಚು ಸಿಗುತ್ತಿದ್ದರೇನೋ. "ಆ ಓಟು ತಂದವ್ರು ನಾವರೀ" ಎನ್ನದವರು ಯಾರು?

ಅಭಿಮಾನಿಗಳಲ್ಲಿ ನನ್ನ ಓಟು ರವಿಕೀರ್ತಿಗೆ. ಐಹೊಳೆಯ ಮೇಗುಟಿ ಗುಡ್ಡದ ಮೇಲೆ ಬಸದಿ ಕಟ್ಟಿಸಿ, ಕ್ರಿ.ಶ. 634ರಲ್ಲಿ ಅದರ ಗೋಡೆಯ ಮೇಲೆ ಇಮ್ಮಡಿ ಪುಲಕೇಶಿಯನ್ನು ಸಂಸ್ಕೃತ ಪದ್ಯಗಳಲ್ಲಿ ಹೊಗಳಿದವನು ಅವನು. ಹರ್ಷನ ಹರ್ಷವನ್ನೇ ಇಳಿಸಿದ ದೊರೆ ಎಂದ. ಕೊನೆಗೆ ಬರುವಾಗ ಕೈ ತಡೆಯಲಿಲ್ಲ: ಕೀರ್ತಿಯಲ್ಲಿ ತಾನು ಕಾಳಿದಾಸ, ಭಾರವಿಯರಿಗೆ ಸಮ ಎಂದೂ ಸೇರಿಸಿದ. ನಾಯಕನ ಪಕ್ಕದಲ್ಲಿ ತನ್ನ ಫೋಟೊ ಹಾಕಿಸಿಕೊಳ್ಳುವ ಪದ್ಧತಿಗೆ ಇದಕ್ಕಿಂತ ಹಳೆಯ ಆಧಾರ ನಮ್ಮ ಜಿಲ್ಲೆಯಲ್ಲಿ ನನಗೆ ಕಂಡಿಲ್ಲ. ಆದರೂ ಆ ಸ್ವಂತ ಹೊಗಳಿಕೆ ವ್ಯರ್ಥವಾಗಲಿಲ್ಲ. ಕಾಳಿದಾಸನ ಕಾಲ ನಿರ್ಣಯಿಸಲು ಹೊರಟ ವಿದ್ವಾಂಸರು, ಅವನು 634ಕ್ಕಿಂತ ಈಚಿನವನಲ್ಲ ಎನ್ನಲು ಇಂದಿಗೂ ತೋರಿಸುವುದು ಐಹೊಳೆಯ ಈ ಶಾಸನವನ್ನೇ.