ಹುಡುಗ ಪರ್ಮನೆಂಟಾ?

ಕನ್ನಡನಾಡಿನಲ್ಲಿ ಅತಿಥಿಗಳು ಎರಡು ಜಾತಿ. ಒಬ್ಬರು ಮುಖ್ಯ ಅತಿಥಿ, ಇನ್ನೊಬ್ಬರು ಅತಿಥಿ ಉಪನ್ಯಾಸಕ. ಮೊದಲನೆಯವರು ಎರಡು ತಾಸು ತಡವಾಗಿ ಬಂದರೂ ಹಾರ, ಶಾಲು, ಹಣ್ಣಿನ ಬುಟ್ಟಿ ಕಾದಿರುತ್ತವೆ. ಎರಡನೆಯವರು ಗಂಟೆ ಹೊಡೆಯುವ ಮೊದಲೇ ಬಂದು ಪಾಠ ಮಾಡಿದರೂ ಸಂಬಳ ಕೇಳಲು ಫ್ರೀಡಂ ಪಾರ್ಕಿನಲ್ಲಿ ಚಾಪೆ ಹಾಸಬೇಕು. ಅರೆಕಾಲಿಕ ಯೋಧರ ಟೆರಿಟೋರಿಯಲ್ ಆರ್ಮಿಯಲ್ಲೂ ಇದೇ ಎರಡು ಜಾತಿ ಎಂದು ತಿಳಿದಾಗ ನನಗೆ ತವರಿಗೆ ಬಂದಷ್ಟು ಸಮಾಧಾನವಾಯಿತು.

ಕನ್ನಡದ ಪತ್ರಿಕೆಗಳು ಅದನ್ನು ಪ್ರಾದೇಶಿಕ ಸೇನೆ ಎನ್ನುತ್ತವೆ. ಕೇಳಿದವರು ಯಾವುದೋ ಪ್ರಾದೇಶಿಕ ಪಕ್ಷದ ಯುವ ಘಟಕವೇ ಇರಬೇಕು ಅಂದುಕೊಳ್ಳುತ್ತಾರೆ. ತಪ್ಪು ಅವರದ್ದಲ್ಲ. ನಮ್ಮಲ್ಲಿ ಸೇನೆಗಳು ಬಂದ್ ದಿನ ಹುಟ್ಟಿ ಸಂಜೆ ಆರಕ್ಕೆ ಮುಗಿಯುತ್ತವೆ. ಆದರೆ ಇದು 1948ರ ಕಾಯ್ದೆಯ ಸೇನೆ. 1949ರ ಅಕ್ಟೋಬರ್ 9ರಂದು ಖುದ್ದು ರಾಜಾಜಿಯವರೇ ಉದ್ಘಾಟಿಸಿದ್ದು.

ಇದರ ಮುಖ್ಯ ಅತಿಥಿಗಳು ನಿಮಗೆಲ್ಲ ಗೊತ್ತು. 2008ರಲ್ಲಿ ಕಪಿಲ್ ದೇವ್, ಮರುವರ್ಷ ಮೋಹನ್‌ಲಾಲ್, 2011ರಲ್ಲಿ ಧೋನಿ ಮತ್ತು ಅಭಿನವ್ ಬಿಂದ್ರಾ. ಎಲ್ಲರೂ ಗೌರವ ಲೆಫ್ಟಿನೆಂಟ್ ಕರ್ನಲ್. ಕಾಯಂ ಅಧಿಕಾರಿ ಈ ಹುದ್ದೆಗೇರಲು 13 ವರ್ಷ ಬೂಟು ಸವೆಸಬೇಕು. ಪಾಪ, ಧೋನಿಯನ್ನು ದೂರಬಾರದು. ಆತ ಆಗ್ರಾದಲ್ಲಿ ವಿಮಾನದಿಂದ ಐದು ಸಲ ನಿಜವಾಗಿಯೂ ಹಾರಿದವರು, 2019ರಲ್ಲಿ ಕಾಶ್ಮೀರದಲ್ಲಿ ಎರಡು ವಾರ ಕಾವಲು ಕಾದವರು. ನನ್ನ ದೂರು ನಮ್ಮ ಮೇಲೆ. ಅವರ 106ನೇ ಪ್ಯಾರಾ ಬೆಟಾಲಿಯನ್ ಇರುವುದು ಇಲ್ಲೇ, ಬೆಂಗಳೂರಿನಲ್ಲಿ. ಅದರ ಇನ್ನೊಬ್ಬನೇ ಒಬ್ಬ ಯೋಧನ ಹೆಸರು ಹೇಳಿ ನೋಡೋಣ.

ಇನ್ನು ಅತಿಥಿ ಉಪನ್ಯಾಸಕರ ವಿಚಾರ. ಮದುವೆಯಾಗದವರಿಗೆ ಬಾಡಿಗೆ ಮನೆ ಕೊಡದ ಮಾಲೀಕರಂತೆ, ಈ ಸೇನೆ ಕೆಲಸವಿದ್ದವನಿಗೇ ಕೆಲಸ ಕೊಡುತ್ತದೆ. ಬೇರೆ ಕಡೆ ಸಂಪಾದನೆ ಇರಬೇಕು, ಇಲ್ಲಿ ಪೂರ್ಣಾವಧಿ ಉದ್ಯೋಗದ ಆಸೆ ಇಟ್ಟುಕೊಳ್ಳಬಾರದು ಎಂದು ಮೊದಲೇ ಹೇಳಿಬಿಡುತ್ತದೆ. ಆದರೂ 2024ರ ನವೆಂಬರಿನಲ್ಲಿ ಬೆಳಗಾವಿಯ ಭರ್ತಿ ರ‍್ಯಾಲಿಗೆ ಸಾವಿರಾರು ಹುಡುಗರು ಬಂದು ನಿಂತರು. ಕೈತುಂಬ ಕೆಲಸವಿದ್ದು ಬೇಜಾರಾಗಿ ಬಂದವರೇ ಇರಬೇಕು.

ಸೇನೆಗೆ ಬೇಕಾದಾಗ ಇವರನ್ನು ಕರೆಸಿಕೊಳ್ಳುವುದಕ್ಕೆ ‘ಎಂಬಾಡಿಮೆಂಟ್’ ಎಂದು ಹೆಸರು, ಸಾಕಾದಾಗ ಮನೆಗೆ ಕಳಿಸಿದರೆ ‘ಡಿಸ್‌ಎಂಬಾಡಿಮೆಂಟ್’. ಅಂದರೆ ಕರೆ ಬಂದಾಗ ಯೋಧನಿಗೆ ದೇಹ ಬರುತ್ತದೆ, ಊರಿಗೆ ಹೊರಟ ಕೂಡಲೇ ಅಶರೀರನಾಗುತ್ತಾನೆ. ಪಿಂಚಣಿ ಬೇಕಾದರೆ ಜವಾನನಾದವನು ಹೀಗೆ ದೇಹಧಾರಿಯಾಗಿ 15 ವರ್ಷ ದುಡಿದಿರಬೇಕು. ಅಶರೀರನಾಗಿ ಊರಲ್ಲಿ ಕರೆಗೆ ಕಾಯುತ್ತ ಕೂತ ವರ್ಷಗಳು ಲೆಕ್ಕಕ್ಕಿಲ್ಲ, ಅಶರೀರವಾಣಿಗೆ ಯಾವ ಖಜಾನೆ ತಾನೇ ಸಂಬಳ ಕೊಟ್ಟೀತು? ‘ಮಾಜಿ ಸೈನಿಕ’ ಅನ್ನಿಸಿಕೊಳ್ಳುವುದೂ ಸುಲಭವಲ್ಲ. ಒಂದೋ ಆ ಪಿಂಚಣಿ ಗಿಟ್ಟಿಸಿರಬೇಕು, ಇಲ್ಲವೇ ಶೌರ್ಯ ಪದಕ ಪಡೆದಿರಬೇಕು, ಅದೂ ಇಲ್ಲವೆಂದರೆ ಸೇವೆಯಲ್ಲಿ ಅಂಗ ಊನವಾಗಿರಬೇಕು. ಕೈಕಾಲು ನೆಟ್ಟಗಿಟ್ಟುಕೊಂಡು ಮನೆಗೆ ಬಂದದ್ದು ಅವನ ತಪ್ಪು.

ಊರಿನವರ ಕಾನೂನು ಇನ್ನೂ ಬಿಗಿ. ಹೆಣ್ಣು ನೋಡಲು ಹೋದರೆ ಮೊದಲು ಸಂಭ್ರಮ, ‘ಹುಡುಗ ಮಿಲಿಟ್ರಿಯಂತೆ!’ ಉಪ್ಪಿಟ್ಟು ಬರುತ್ತದೆ. ಆಮೇಲೆ ಸೋದರಮಾವ ಗಂಟಲು ಸರಿಮಾಡಿಕೊಂಡು, ‘ಪರ್ಮನೆಂಟಾ, ಟೆಂಪರವರಿಯಾ?’ ಉತ್ತರ ಕೇಳಿದ ಮೇಲೆ ಕಾಫಿ ಬರುವುದಿಲ್ಲ. ಅದೇ ಮನೆಯ ಗೋಡೆಯ ಮೇಲೆ ಸಮವಸ್ತ್ರದ ಧೋನಿ ನಗುತ್ತಿರುತ್ತಾರೆ.

ಈ ತಾರತಮ್ಯ ಸರ್ಕಾರದ ಕಣ್ಣಿಗೆ ಬಿದ್ದಿಲ್ಲ ಅನ್ನಬೇಡಿ. ಅದು 2022ರಲ್ಲೇ ಮದ್ದು ಕಂಡುಹಿಡಿದಿದೆ. ಟೆಂಪರವರಿಯನ್ನು ಪರ್ಮನೆಂಟ್ ಮಾಡಿದರೆ ಖರ್ಚು ತಾನೆ? ಹಾಗಾಗಿ ಪರ್ಮನೆಂಟನ್ನೇ ಟೆಂಪರವರಿ ಮಾಡಿತು. ಅಗ್ನಿವೀರನಿಗೆ ನಾಲ್ಕು ವರ್ಷ, ಅದು ಮುಗಿದ ಮೇಲೆ ನಾಲ್ವರಲ್ಲಿ ಒಬ್ಬನಿಗಷ್ಟೇ ಕಾಯಂ ಭಾಗ್ಯ. ಸೋದರಮಾವನ ಪ್ರಶ್ನೆಗೆ ಈಗ ಎಲ್ಲ ಹುಡುಗರೂ ಒಟ್ಟಿಗೇ ತಲೆ ತಗ್ಗಿಸಬಹುದು.

ಗಡಿಯಲ್ಲಿ ಸದ್ದಾದಾಗ ಮಾತ್ರ ಈ ಟೆಂಪರವರಿಗಳು ಥಟ್ಟನೆ ನೆನಪಾಗುತ್ತಾರೆ. ಆಪರೇಷನ್ ಸಿಂಧೂರದ ಮುನ್ನಾದಿನ, 2025ರ ಮೇ 6ರಂದು, ಅವರನ್ನು ಕರೆಸಿಕೊಳ್ಳುವ ಅಧಿಕಾರವನ್ನು ಭೂಸೇನಾ ಮುಖ್ಯಸ್ಥರಿಗೆ ಕೊಡುವ ಆದೇಶ ಹೊರಟಿತು. 32 ಪದಾತಿ ಬೆಟಾಲಿಯನ್‌ಗಳಲ್ಲಿ 14ಕ್ಕೆ ದೇಹಭಾಗ್ಯ. ಸುದ್ದಿ ಹೊರಬಿದ್ದಾಗ ಟಿವಿ ಸ್ಟುಡಿಯೋಗಳು ಕೇಳಿದ್ದು ಒಂದೇ ಪ್ರಶ್ನೆ: ಹಾಗಾದರೆ ಧೋನಿ ಯುದ್ಧಕ್ಕೆ ಹೋಗುತ್ತಾರಾ?

ಮಣಿಪುರದ ನೋನಿ ಜಿಲ್ಲೆಯಲ್ಲಿ ಜಿರಿಬಾಮ್–ಇಂಫಾಲ ರೈಲು ಮಾರ್ಗದ ಕಾಮಗಾರಿಗೆ ಕಾವಲಿದ್ದದ್ದು ಇದೇ ಸೇನೆಯ 107ನೇ ಬೆಟಾಲಿಯನ್‌ನವರು. 2022ರ ಜೂನ್ ಕೊನೆಯಲ್ಲಿ ಒಂದು ರಾತ್ರಿ ಗುಡ್ಡ ಕುಸಿದು ಅವರ ಶಿಬಿರದ ಮೇಲೆ ಬಿತ್ತು. ಇಪ್ಪತ್ತಕ್ಕೂ ಹೆಚ್ಚು ಯೋಧರು ಮಣ್ಣಿನಡಿ ಸತ್ತರು. ಕಡತದ ಪ್ರಕಾರ ಆ ರಾತ್ರಿ ಅವರೆಲ್ಲ ದೇಹಧಾರಿಗಳು.